ಸಿಗಲಿಲ್ಲ ಬೇರೆ, ಇಲ್ಲ ಬೇರೆ: ಏಜೆಂಟ್‌ಗಾಗಿ ಹುಡುಕುವ ಟೂಲ್‌ನ ವಿವರಣೆ ಬರೆಯುವುದು

ಹೋದ ತಿಂಗಳು ಒಂದು ಸಣ್ಣ ಕೂಟದಲ್ಲಿ ಈ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಸ್ಲೈಡ್ ಕಳಿಸಿ ಅಂತ ಆಮೇಲೆ ಕೆಲವರು ಕೇಳಿದರು. ಸ್ಲೈಡ್‌ನಲ್ಲಿ ಬರೀ ಕಮಾಂಡ್‌ಗಳಿದ್ದವು, ಜೊತೆಗೆ ಮಾತಿಲ್ಲದಿದ್ದರೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಅದಕ್ಕೆ ಮಾತನ್ನೇ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಅವಸರದಲ್ಲಿ ಬಿಟ್ಟಿದ್ದನ್ನೂ ಸೇರಿಸಿದ್ದೇನೆ.

ನಡೆದ ಘಟನೆಯಿಂದಲೇ ಶುರು ಮಾಡುತ್ತೇನೆ. ನಾನು ಟೆಕ್ನಿಕಲ್ ರೈಟರ್. ನಮ್ಮ ತಂಡದಲ್ಲಿ ಕೋಡ್ ಓದಿ ತಿದ್ದುವ ಒಂದು ಎಐ ಏಜೆಂಟ್ ಇದೆ. ಅದಕ್ಕೆ ಫೈಲ್‌ಗಳಲ್ಲಿ ಹುಡುಕುವ ಒಂದು ಟೂಲ್ ಕೊಟ್ಟಿದ್ದೆವು, ಆ ಟೂಲ್‌ನ ವಿವರಣೆ ಬರೆದವಳು ನಾನು. ಒಂದು ದಿನ ಸಹೋದ್ಯೋಗಿಯೊಬ್ಬರು ಹಳೆಯ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಒಂದನ್ನು ತೋರಿಸಿ, ಇದನ್ನು ಯಾರಾದರೂ ಬಳಸ್ತಿದ್ದಾರಾ, ಇಲ್ಲದಿದ್ದರೆ ತೆಗೆದುಬಿಡು ಅಂತ ಏಜೆಂಟ್‌ಗೆ ಹೇಳಿದರು. ಏಜೆಂಟ್ ಹುಡುಕಿತು. ಏನೂ ಸಿಗಲಿಲ್ಲ. "ಈ ಸ್ಕ್ರಿಪ್ಟ್ ಎಲ್ಲೂ ಬಳಕೆಯಲ್ಲಿಲ್ಲ" ಅಂತ ಬರೆದು ಅಳಿಸಿಬಿಟ್ಟಿತು. ಮಾರನೆ ದಿನ ಬೆಳಿಗ್ಗೆ ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವ ಕೆಲಸ, ನಿಂತುಹೋಗಿತ್ತು. ಆ ಸ್ಕ್ರಿಪ್ಟನ್ನು ಕರೆಯುತ್ತಿದ್ದ ಫೈಲ್ ಇದ್ದದ್ದು ಚುಕ್ಕೆಯಿಂದ ಶುರುವಾಗುವ ಹೆಸರಿನ ಒಂದು ಫೋಲ್ಡರ್‌ನಲ್ಲಿ. ಅಂಥ ಫೋಲ್ಡರ್‌ಗಳ ಒಳಗೆ ಆ ಟೂಲ್ ನೋಡುವುದೇ ಇಲ್ಲ.

ಟೂಲ್ ಕೆಟ್ಟಿರಲಿಲ್ಲ. ಏಜೆಂಟ್ ಸುಳ್ಳು ಹೇಳಿರಲಿಲ್ಲ. ನನ್ನ ವಿವರಣೆಯಲ್ಲಿ ಒಂದು ವಾಕ್ಯ ಇರಲಿಲ್ಲ, ಅಷ್ಟೇ. ಆ ಒಂದು ವಾಕ್ಯದ ಬಗ್ಗೆಯೇ ಈ ಮಾತು.

ಆ ಟೂಲ್‌ನ ಒಳಗಿರುವುದು ರಿಪ್‌ಗ್ರೆಪ್. ಬಹಳ ಜನರಿಗೆ ಗೊತ್ತಿರುತ್ತದೆ. ಫೈಲ್‌ಗಳಲ್ಲಿ ಪದ ಹುಡುಕುವ ಗ್ರೆಪ್ ಅನ್ನುವ ಹಳೆಯ ಕಮಾಂಡನ್ನು ಕೆನ್ ಥಾಮ್ಸನ್ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಬರೆದರು. ಅದೇ ಕೆಲಸವನ್ನು ದೊಡ್ಡ ದೊಡ್ಡ ಕೋಡ್ ಫೋಲ್ಡರ್‌ಗಳಲ್ಲಿ ಬೇಗ ಮಾಡಲಿ ಅಂತ ಆ್ಯಂಡ್ರೂ ಗ್ಯಾಲಂಟ್ 2016ರಲ್ಲಿ ರಸ್ಟ್ ಭಾಷೆಯಲ್ಲಿ ರಿಪ್‌ಗ್ರೆಪ್ ತಂದರು. ವಿಎಸ್ ಕೋಡ್ ಅನ್ನುವ ಕೋಡ್ ಎಡಿಟರ್‌ನಲ್ಲಿ ನೀವು ಎಲ್ಲ ಫೈಲ್‌ಗಳಲ್ಲಿ ಹುಡುಕು ಅಂದಾಗ ಒಳಗೆ ಓಡುವುದು ಅದೇ. ಆಂಥ್ರೋಪಿಕ್ ಅನ್ನುವ ಎಐ ಕಂಪನಿಯ ಕೋಡಿಂಗ್ ಏಜೆಂಟ್ ಕ್ಲಾಡ್ ಕೋಡ್‌ನ ಹುಡುಕುವ ಟೂಲನ್ನು ಕಟ್ಟಿದ್ದೂ ಅದರ ಮೇಲೆಯೇ.

ರಿಪ್‌ಗ್ರೆಪ್ ಅಷ್ಟು ಬೇಗ ಕೆಲಸ ಮುಗಿಸುವುದಕ್ಕೆ ಇರುವ ಕಾರಣಗಳಲ್ಲಿ ಒಂದು, ಅದು ಬೇಡದ್ದನ್ನು ಓದುವುದೇ ಇಲ್ಲ. ಗಿಟ್‌ಇಗ್ನೋರ್ ಫೈಲ್‌ನಲ್ಲಿ, ಅಂದರೆ ಕೋಡ್‌ನ ಆವೃತ್ತಿಗಳನ್ನು ಕಾಯುವ ಗಿಟ್‌ಗೆ 'ಇವು ಬೇಡ' ಅಂತ ಕೊಟ್ಟ ಪಟ್ಟಿಯಲ್ಲಿ, ಹೆಸರಿಸಿದ್ದನ್ನು ಬಿಡುತ್ತದೆ. ಚುಕ್ಕೆಯಿಂದ ಶುರುವಾಗುವ ಫೈಲು, ಫೋಲ್ಡರ್ ಬಿಡುತ್ತದೆ. ಚಿತ್ರದಂಥ, ಪಠ್ಯವಲ್ಲದ ಬೈನರಿ ಫೈಲ್ ಬಿಡುತ್ತದೆ. ಇದು ಗುಟ್ಟೇನಲ್ಲ, ಅದರ ಕೈಪಿಡಿಯಲ್ಲಿ ಚೆನ್ನಾಗಿ ಬರೆದಿದೆ. ಬಿಟ್ಟಿದ್ದನ್ನೂ ನೋಡಬೇಕಾದರೆ ಡ್ಯಾಶ್ ಯು ಅನ್ನುವ ಆಯ್ಕೆ ಇದೆ. ಒಂದು ಯು ಹಾಕಿದರೆ ಗಿಟ್‌ಇಗ್ನೋರ್ ಲೆಕ್ಕಕ್ಕಿಲ್ಲ, ಎರಡು ಹಾಕಿದರೆ ಚುಕ್ಕೆ ಫೈಲುಗಳೂ ಬರುತ್ತವೆ, ಮೂರು ಹಾಕಿದರೆ ಬೈನರಿಯೂ ಸೇರುತ್ತದೆ. ಮನುಷ್ಯರಿಗೆ ಇದು ಒಳ್ಳೆಯ ಏರ್ಪಾಡು. ನಮಗೆ ಅನುಮಾನ ಬರುತ್ತದೆ ನೋಡಿ. "ಅರೆ, ಹೋದ ವಾರ ತಾನೇ ನೋಡಿದ್ದೆ, ಎಲ್ಲಿ ಹೋಯ್ತು?" ಅಂದುಕೊಂಡು ಇನ್ನೊಂದು ರೀತಿ ಹುಡುಕುತ್ತೇವೆ. ಏಜೆಂಟ್‌ಗೆ ಆ ಹೋದ ವಾರ ಇಲ್ಲ. ಅದು ಈಗಷ್ಟೇ ಬಂದು ಕೂತಿದೆ. ಟೂಲ್‌ನ ಹೆಸರು, ವಿವರಣೆ, ಏನೇನು ಕೊಡಬೇಕು ಅನ್ನುವ ಪಟ್ಟಿ, ಆಮೇಲೆ ಬಂದ ಉತ್ತರ, ಅದರ ಕೈಯಲ್ಲಿರುವುದು ಇಷ್ಟೇ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲೂ (ಎಐಗೆ ಟೂಲ್ ಜೋಡಿಸುವ ನಿಯಮಾವಳಿ) ಟೂಲ್ ಅಂದರೆ ಮುಖ್ಯವಾಗಿ ಇವೇ: ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ. ನಾವು "ಏನೋ ನಾಲ್ಕು ಸಾಲು" ಅಂತ ಗೀಚುವ ಆ ವಿವರಣೆಯೇ ಏಜೆಂಟ್‌ಗೆ ಪೂರ್ತಿ ಕೈಪಿಡಿ.

ಬಾಗಿಲು ತಟ್ಟಿದಾಗ ಯಾರೂ ಓಗೊಡಲಿಲ್ಲ ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಆಗುವುದಿಲ್ಲ. ಹಿತ್ತಲಲ್ಲಿ ಇರಬಹುದು, ನಿದ್ದೆ ಮಾಡ್ತಿರಬಹುದು. ಹುಡುಕುವ ಟೂಲ್‌ನ ವಿವರಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ನನ್ನ ಪ್ರಕಾರ, ಖಾಲಿ ಉತ್ತರಕ್ಕೆ ಏನರ್ಥ ಅಂತ ಹೇಳುವುದು.

ಮೊದಲು ನಾನು ಬರೆದಿದ್ದ ವಿವರಣೆ ಹೀಗಿತ್ತು: "ಪ್ರಾಜೆಕ್ಟ್‌ನ ಫೈಲ್‌ಗಳಲ್ಲಿ ಪಠ್ಯ ಹುಡುಕುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಬಹುದು. ವೇಗವಾಗಿದೆ." ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂದರೆ ಹುಡುಕಬೇಕಾದ ಪದಗಳ ಮಾದರಿಯನ್ನು (ಪ್ಯಾಟರ್ನ್) ಚಿಹ್ನೆಗಳಲ್ಲಿ ಬರೆಯುವ ರೀತಿ. ವಿವರಣೆಯಲ್ಲಿ ತಪ್ಪೇನೂ ಇಲ್ಲ ಅಲ್ವಾ? ಆದರೆ "ಪ್ರಾಜೆಕ್ಟ್‌ನ ಫೈಲ್‌ಗಳಲ್ಲಿ" ಅಂದಾಗ ಓದುವವರು ಎಲ್ಲ ಫೈಲ್ ಅಂದುಕೊಳ್ಳುತ್ತಾರೆ. ವೇಗವಾಗಿದೆ ಅನ್ನುವುದು ಏಜೆಂಟ್‌ಗೆ ಯಾಕೆ ಬೇಕು? ಅದು ಟೂಲ್ ಕೊಳ್ಳಲು ಬಂದಿಲ್ಲ. ಈಗಿನ ವಿವರಣೆಯ ಶುರು ಹೀಗಿದೆ: "ಪ್ರಾಜೆಕ್ಟ್‌ನ ಫೈಲ್‌ಗಳಲ್ಲಿ ಪಠ್ಯ ಹುಡುಕುತ್ತದೆ. ಗಿಟ್‌ಇಗ್ನೋರ್‌ನಲ್ಲಿರುವ ಮತ್ತು ಚುಕ್ಕೆಯಿಂದ ಶುರುವಾಗುವ ಫೈಲ್, ಫೋಲ್ಡರ್‌ಗಳನ್ನು ನೋಡುವುದಿಲ್ಲ. ಬಿಲ್ಡ್ ಮತ್ತು ಡಿಪ್ಲಾಯ್ ಸೆಟ್ಟಿಂಗ್‌ಗಳು ಬಹುಪಾಲು ಅಲ್ಲೇ ಇರುತ್ತವೆ. ಏನೂ ಸಿಗದಿದ್ದರೆ, ನೋಡಿದ ಜಾಗಗಳಲ್ಲಿ ಈ ಪ್ಯಾಟರ್ನ್ ಇಲ್ಲ ಅಂತ ಮಾತ್ರ ಅರ್ಥ. ಒಂದು ವಸ್ತು ಬಳಕೆಯಲ್ಲಿಲ್ಲ ಅಂತ ಹೇಳುವ ಮೊದಲು, ಅಳಿಸುವ ಮೊದಲು, 'ಎಲ್ಲವನ್ನೂ ನೋಡು' ಆಯ್ಕೆ ಹಾಕಿ ಇನ್ನೊಮ್ಮೆ ಹುಡುಕು. ಎಲ್ಲೆಲ್ಲಿ ಹುಡುಕಿದೆ ಅಂತ ಉತ್ತರದಲ್ಲಿ ಬರೆ."

ಉದ್ದ ಜಾಸ್ತಿಯಾಯಿತು, ಹೌದು. ಟೂಲ್‌ನ ವಿವರಣೆ ಪ್ರತಿ ಸಲವೂ ಏಜೆಂಟ್‌ನ ಒಳಗಿರುವ ಭಾಷಾ ಮಾಡೆಲ್‌ನ ಮುಂದೆ ಹೋಗುತ್ತದೆ, ಪ್ರತಿ ಪದಕ್ಕೂ ಖರ್ಚಿದೆ. ಅದಕ್ಕೇ ಗೊತ್ತಿರುವುದನ್ನು ತೆಗೆದು ಗೊತ್ತಿಲ್ಲದ್ದನ್ನು ಹಾಕಬೇಕು. ಸಿಕ್ಕ ಸಾಲಿನ ಹಿಂದಿನ ಮುಂದಿನ ಸಾಲು ತೋರಿಸುವುದು ಹೇಗೆ, ಬರೀ ಫೈಲ್ ಹೆಸರು ಪಡೆಯುವುದು ಹೇಗೆ, ಇದೆಲ್ಲ ಮಾಡೆಲ್‌ಗೆ ತರಬೇತಿಯಲ್ಲೇ ಬಂದಿರುತ್ತದೆ. ಆಯ್ಕೆಗಳ ಪಟ್ಟಿ ಕೊಟ್ಟು ಜಾಗ ತುಂಬಿಸಬೇಡಿ.

ಆದರೆ ಆ ತರಬೇತಿಯಲ್ಲೇ ಇನ್ನೊಂದು ತೊಂದರೆಯೂ ಇದೆ. ಮಾಡೆಲ್ ಓದಿರುವ ಪಠ್ಯದಲ್ಲಿ ಗ್ರೆಪ್ ಐವತ್ತು ವರ್ಷದಿಂದ ಇದೆ, ರಿಪ್‌ಗ್ರೆಪ್ ನಿನ್ನೆ ಮೊನ್ನೆಯದು. ಕೈಗೆ ಹತ್ತಿದ ಅಭ್ಯಾಸ ಗ್ರೆಪ್‌ನದು. ಇವೆರಡೂ ನೋಡಲು ಒಂದೇ ಥರ, ಆದರೆ ಕೆಲವು ಕಡೆ ಕಾಲು ಜಾರುತ್ತದೆ. ಕೆರೆ ಅಥವಾ ಬಾವಿ ಅಂತ ಹುಡುಕಬೇಕು ಅಂದುಕೊಳ್ಳಿ. ಸಾದಾ ಗ್ರೆಪ್‌ನಲ್ಲಿ 'ಕೆರೆ\|ಬಾವಿ' ಅಂತ ಬ್ಯಾಕ್‌ಸ್ಲ್ಯಾಶ್ ಹಾಕಿ ಬರೆಯುವ ರೂಢಿ. ರಿಪ್‌ಗ್ರೆಪ್‌ನಲ್ಲಿ 'ಕೆರೆ|ಬಾವಿ' ಅಂತ ಬರೆಯಬೇಕು. ಅಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಅದು ಆ ಗೆರೆಯನ್ನೇ ಅಕ್ಷರವಾಗಿ ಹುಡುಕುತ್ತದೆ. ಎರರ್ ಬರುವುದಿಲ್ಲ. ಸುಮ್ನೆ ಖಾಲಿ ಉತ್ತರ ಬರುತ್ತದೆ. ಏಜೆಂಟ್ "ಕೆರೆಯೂ ಇಲ್ಲ, ಬಾವಿಯೂ ಇಲ್ಲ" ಅಂತ ಮುಂದೆ ಹೋಗುತ್ತದೆ. ಎರರ್ ಕೊಡುವ ತಪ್ಪಿನ ಬಗ್ಗೆ ನನಗೆ ಚಿಂತೆಯಿಲ್ಲ, ಏಜೆಂಟ್ ಅದನ್ನು ಓದಿ ತಾನೇ ತಿದ್ದಿಕೊಳ್ಳುತ್ತದೆ. ಸದ್ದಿಲ್ಲದ ತಪ್ಪೇ ಕಷ್ಟ.

ಇನ್ನೊಂದು ನೋಡಿ. ಗ್ರೆಪ್‌ನಲ್ಲಿ ಡ್ಯಾಶ್ ಆರ್ ಅಂದರೆ ಒಳಗಿನ ಫೋಲ್ಡರ್‌ಗಳಿಗೂ ಹೋಗು ಅಂತ. ರಿಪ್‌ಗ್ರೆಪ್ ಹೇಗಿದ್ದರೂ ಒಳಗೆ ಹೋಗುತ್ತದೆ, ಅದರಲ್ಲಿ ಡ್ಯಾಶ್ ಆರ್ ಅಂದರೆ ಸಿಕ್ಕ ಪದದ ಜಾಗದಲ್ಲಿ ಇನ್ನೊಂದನ್ನು ಹಾಕಿ ತೋರಿಸು ಅಂತ. ಗ್ರೆಪ್‌ಗೆ ಕೊಡುವ ಹಾಗೆ ಆರ್ ಮತ್ತು ಎನ್ ಸೇರಿಸಿ ಕೊಟ್ಟರೆ, ಸಿಕ್ಕ ಪ್ರತಿ ಪದದ ಬದಲು ಬರೀ ಎನ್ ಅಕ್ಷರ ಕಾಣುತ್ತದೆ. ಫೈಲ್ ಬದಲಾಗುವುದಿಲ್ಲ, ತೋರಿಸುವುದು ಮಾತ್ರ ಹಾಗೆ. ಆದರೆ ಏಜೆಂಟ್ ಆ ಸಾಲನ್ನು ನಂಬಿ ಕೋಡ್ ತಿದ್ದಲು ಹೊರಟರೆ ಏನಾಗುತ್ತದೆ ಊಹಿಸಿಕೊಳ್ಳಿ. ಇಂಥ ಎರಡು ಮೂರು ಜಾಗಗಳನ್ನು "ಗ್ರೆಪ್‌ನಲ್ಲಿ ಹೀಗೆ, ಇಲ್ಲಿ ಹೀಗೆ" ಅಂತ ಜೋಡಿ ಮಾಡಿ ಬರೆದರೆ ಸಾಕು. ಹೊಸದಾಗಿ ಕಲಿಯುವವರಿಗೆ ಬರೆಯುವುದು ಒಂದು ರೀತಿ, ಬೇರೆ ಅಭ್ಯಾಸ ಇಟ್ಟುಕೊಂಡು ಬಂದವರಿಗೆ ಬರೆಯುವುದು ಇನ್ನೊಂದು ರೀತಿ. ಏಜೆಂಟ್ ಎರಡನೆಯ ಗುಂಪಿನದು.

ಎಲ್ಲವನ್ನೂ ವಿವರಣೆಯಲ್ಲೇ ಬಗೆಹರಿಸಲು ಹೋಗಬೇಡಿ. ಕೆಲವನ್ನು ಟೂಲ್‌ನಲ್ಲೇ ಸರಿಮಾಡಬೇಕು. ಉದಾಹರಣೆಗೆ, ಯಾವ ಫೋಲ್ಡರ್ ಅಂತ ಹೇಳದೆ ಬೇರೆ ಪ್ರೋಗ್ರಾಮ್ ಒಳಗಿಂದ ರಿಪ್‌ಗ್ರೆಪ್ ಓಡಿಸಿದರೆ, ಪೈಪ್‌ನಲ್ಲಿ, ಅಂದರೆ ಇನ್ನೊಂದು ಪ್ರೋಗ್ರಾಮ್‌ನಿಂದ, ಏನೋ ಬರುತ್ತದೆ ಅಂತ ಅದು ಕಾಯುತ್ತಾ ಕೂರಬಹುದು. "ಯಾವಾಗಲೂ ಫೋಲ್ಡರ್ ಹೆಸರು ಕೊಡು" ಅಂತ ಏಜೆಂಟ್‌ಗೆ ಹತ್ತು ಸಲ ಹೇಳುವ ಬದಲು, ಕೊಡದಿದ್ದರೆ ಟೂಲ್ ತಾನೇ ಈಗಿರುವ ಫೋಲ್ಡರ್ ಸೇರಿಸಿಕೊಳ್ಳಲಿ. ಹಾಗೆಯೇ ರಿಪ್‌ಗ್ರೆಪ್ ಮುಗಿದಾಗ ಒಂದು ಸಂಖ್ಯೆ ಕೊಡುತ್ತದೆ: ಸಿಕ್ಕರೆ 0, ಏನೂ ಸಿಗದಿದ್ದರೆ 1, ತಪ್ಪಾದರೆ 2. ನಮ್ಮ ಮೊದಲ ಆವೃತ್ತಿ 0 ಅಲ್ಲದ್ದನ್ನೆಲ್ಲ "ಕಮಾಂಡ್ ವಿಫಲವಾಯಿತು" ಅಂತ ಏಜೆಂಟ್‌ಗೆ ಹೇಳುತ್ತಿತ್ತು. ಪಾಪ, ಅದು ಟೂಲ್ ಕೆಟ್ಟಿದೆ ಅಂದುಕೊಂಡು ಅದೇ ಹುಡುಕಾಟವನ್ನು ಬೇರೆ ಬೇರೆ ದಾರಿಯಲ್ಲಿ ನಾಲ್ಕು ಸಲ ಮಾಡುತ್ತಿತ್ತು. ಈಗ 1 ಬಂದರೆ ಟೂಲ್ ಹೀಗೆ ಹೇಳುತ್ತದೆ: "ಸಿಗಲಿಲ್ಲ. 340 ಫೈಲ್ ನೋಡಿದೆ. ಚುಕ್ಕೆ ಫೈಲ್ ನೋಡಿಲ್ಲ." ಖಾಲಿ ಜಾಗದಲ್ಲಿ ಈ ಮೂರು ತುಂಡು ವಾಕ್ಯ. ವಿವರಣೆ ಏಜೆಂಟ್‌ನ ಮುಂದೆ ಶುರುವಿನಿಂದಲೇ ಇರುತ್ತದೆ, ಈ ಮಾತು ಸರಿಯಾಗಿ ಬೇಕಾದ ಹೊತ್ತಿಗೆ ಬರುತ್ತದೆ. ಟೂಲ್ ಕೊಡುವ ಉತ್ತರವೂ ಡಾಕ್ಯುಮೆಂಟೇಶನ್ನೇ. ಅದನ್ನೂ ಬರಹಗಾರರೇ ಬರೆಯಬೇಕು ಅಂತ ನಾನು ತಂಡದಲ್ಲಿ ಹಟ ಹಿಡಿದಿದ್ದೇನೆ.

ತುಂಬಾ ಸಿಕ್ಕರೂ ಕಷ್ಟವೇ. 2024ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎಸ್‌ಡಬ್ಲ್ಯೂಇ-ಏಜೆಂಟ್ ಅನ್ನುವ ಕೆಲಸ ಪ್ರಕಟಿಸಿದರು. ಮನುಷ್ಯರು ಕಮಾಂಡ್ ಟೈಪ್ ಮಾಡಲಿ ಅಂತ ಮಾಡಿದ ಟರ್ಮಿನಲ್ ಬದಲು ಮಾಡೆಲ್‌ಗೇ ಅಂತ ಮಾಡಿದ ಟೂಲ್‌ಗಳನ್ನು ಕೊಟ್ಟರೆ ಏನಾಗುತ್ತದೆ ಅಂತ ನೋಡಿದ್ದರು. ಅವರ ಹುಡುಕುವ ಟೂಲ್ 50ಕ್ಕಿಂತ ಜಾಸ್ತಿ ಸಿಕ್ಕರೆ ಪಟ್ಟಿ ಕೊಡುವುದಿಲ್ಲ, ಇನ್ನೂ ನಿಖರವಾಗಿ ಹುಡುಕು ಅನ್ನುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ಇನ್ನೊಂದು. ನಾವು ಎಡಿಟರ್‌ನಲ್ಲಿ "ಮುಂದಿನದು, ಮುಂದಿನದು" ಅಂತ ಒತ್ತುತ್ತಾ ಹೋಗುತ್ತೇವಲ್ಲ, ಅಂಥ ಹುಡುಕಾಟವನ್ನು ಕೊಟ್ಟಾಗ ಮಾಡೆಲ್‌ನ ಕೆಲಸ, ಹುಡುಕುವ ಟೂಲೇ ಇಲ್ಲದಿದ್ದಾಗಿನದಕ್ಕಿಂತ ಕೆಟ್ಟಿತು. ಅದು ಒಂದನ್ನೂ ಬಿಡದೆ ಕೊನೆಯವರೆಗೂ ಒತ್ತುತ್ತಾ ಹೋಗಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮಾಡೆಲ್‌ಗೆ ಹೇಳಬೇಕು. ಪಟ್ಟಿ ಕತ್ತರಿಸುವುದಾದರೆ ಕತ್ತರಿಸಿದ್ದೇನೆ ಅಂತಲೂ ಹೇಳಬೇಕು. "ಒಟ್ಟು 412 ಸಿಕ್ಕಿದೆ, ಮೊದಲ 50 ಇಲ್ಲಿದೆ" ಅನ್ನದೆ ಸುಮ್ನೆ 50 ಕೊಟ್ಟರೆ, ಇರುವುದೇ ಐವತ್ತು ಅಂತ ಅದು ನಂಬುತ್ತದೆ.

ಬರೆಯುವ ಧಾಟಿಯ ಬಗ್ಗೆ ಸ್ವಲ್ಪ. ಇಂಥ ವಿವರಣೆಗಳಲ್ಲಿ ಜನ ಕೂಗಾಡುತ್ತಾರೆ. ಕಡ್ಡಾಯ, ಎಂದಿಗೂ ಬೇಡ, ಬಹಳ ಮುಖ್ಯ! ಎಲ್ಲ ಸಾಲೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲ. ಕಾರಣ ಹೇಳಿ. "ಚುಕ್ಕೆ ಫೋಲ್ಡರ್ ನೋಡಲೇಬೇಕು" ಅಂದಾಗ ಏಜೆಂಟ್ ಪ್ರತಿ ಸಣ್ಣ ಹುಡುಕಾಟಕ್ಕೂ ಎಲ್ಲವನ್ನೂ ಜಾಲಾಡಿತು. "ಬಿಲ್ಡ್ ಸೆಟ್ಟಿಂಗ್‌ಗಳು ಅಲ್ಲಿರುತ್ತವೆ" ಅಂದಾಗ ಬೇಕಾದಾಗ ಮಾತ್ರ ನೋಡಿತು. ನಾನು ಹೇಳದೇ ಇದ್ದ ಬೇರೆ ಸೆಟ್ಟಿಂಗ್ ಫೈಲ್‌ಗಳನ್ನೂ ಅದೇ ಕಾರಣ ಹಿಡಿದು ತಾನೇ ಹೋಗಿ ನೋಡಿತು.

ಬರೆದಿದ್ದು ಸರಿಯಿದೆಯಾ ಅಂತ ತಿಳಿಯಲು ನನಗೆ ಗೊತ್ತಿರುವುದು ಒಂದೇ ದಾರಿ. ಉತ್ತರ ನನಗೆ ಮೊದಲೇ ಗೊತ್ತಿರುವ ಹತ್ತು ಹನ್ನೆರಡು ಪ್ರಶ್ನೆ ಮಾಡಿಟ್ಟುಕೊಳ್ಳುತ್ತೇನೆ. ಅದರಲ್ಲಿ ಮೂರು ನಾಲ್ಕಕ್ಕೆ ಉತ್ತರ ನಿಜವಾಗಿಯೂ ಇರಬಾರದು. ಏಜೆಂಟ್‌ಗೆ ಕೊಟ್ಟು, ಕೊನೆಯ ಉತ್ತರ ಬಿಟ್ಟು ನಡುವಿನ ಹೆಜ್ಜೆಗಳನ್ನು ಓದುತ್ತೇನೆ. ಮೊದಲು ಏನು ಹುಡುಕಿತು, ಖಾಲಿ ಬಂದಾಗ ಏನು ಮಾಡಿತು. ಒಂದು ವಾಕ್ಯ ಬದಲಿಸಿ ಮತ್ತೆ ಓಡಿಸುತ್ತೇನೆ. ನಿಧಾನದ ಕೆಲಸ, ಆದರೆ ಓದುಗರು ಎಲ್ಲಿ ಎಡವುತ್ತಾರೆ ಅಂತ ಇಷ್ಟು ಹತ್ತಿರದಿಂದ ನೋಡುವ ಅವಕಾಶ ನನ್ನ ಕೆಲಸದಲ್ಲಿ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ.

ಈಗ ಕನ್ನಡಕ್ಕೆ ಬರುತ್ತೇನೆ. ಮಾತು ಮುಗಿದ ಮೇಲೆ ಜಾಸ್ತಿ ಪ್ರಶ್ನೆ ಬಂದದ್ದೂ ಈ ಭಾಗಕ್ಕೇ.

ನಮ್ಮ ಸೋದರಮಾವ ಊರಿನ ಮಳೆ, ಕೆರೆ, ಬೆಳೆ ಬಗ್ಗೆ ಬಹಳ ವರ್ಷಗಳಿಂದ ಟಿಪ್ಪಣಿ ಬರೆದಿಟ್ಟಿದ್ದಾರೆ, ಕಂಪ್ಯೂಟರ್‌ನಲ್ಲೇ. ಅದನ್ನೆಲ್ಲ ಸಾದಾ ಟೆಕ್ಸ್ಟ್ ಫೈಲ್‌ಗೆ ಇಳಿಸಿ ಏಜೆಂಟ್‌ಗೆ ಕೊಟ್ಟೆ. ಕೆರೆ ಕೋಡಿ ಬಿದ್ದ ವರ್ಷಗಳು ಯಾವುವು ಅಂತ ಕೇಳಿದೆವು. ನಾಲ್ಕು ವರ್ಷ ಹೇಳಿತು. ಮಾವ ಪರದೆ ನೋಡಿ, "ಏನಮ್ಮಾ ಇದು, ನೀನು ಎಸ್ಸೆಸ್ಸೆಲ್ಸಿ ಬರೆದ ವರ್ಷ ಕೋಡಿ ಬಿದ್ದಿತ್ತಲ್ಲ, ನಾನೇ ಬರೆದಿದ್ದೀನಿ. ಇದಕ್ಕೆ ಕಾಣಲಿಲ್ವಾ?" ಅಂದರು.

ಕಂಡಿರಲಿಲ್ಲ. ಯಾಕೆ ಅಂತ ನೋಡುತ್ತಾ ಹೋದರೆ ಒಂದರ ಹಿಂದೆ ಒಂದು ಕಾರಣ. ಏಜೆಂಟ್ ಹುಡುಕಿದ್ದು "ಕೋಡಿ ಬಿದ್ದ" ಅಂತ. ಮಾವ ಒಂದು ಕಡೆ ಕೋಡಿ ಬಿತ್ತು, ಇನ್ನೊಂದು ಕಡೆ ಕೋಡಿ ಹರಿಯಿತು ಅಂತ ಬರೆದಿದ್ದಾರೆ. ಸರಿ, ಬರೀ ಕೋಡಿ ಹುಡುಕು ಅಂದರೆ ಇನ್ನಷ್ಟು ಸಿಕ್ಕಿತು, ಆದರೆ "ಕೆರೆಗೋಡಿ" ಸಿಗಲಿಲ್ಲ. ಶಾಲೆಯಲ್ಲಿ ಓದಿದ ಆದೇಶ ಸಂಧಿ ನೆನಪಿದೆಯಾ? ಕೆರೆ ಪಕ್ಕದಲ್ಲಿ ಬಂದು ಕೋಡಿಯ ಕಕಾರ ಗಕಾರವಾಗಿದೆ. ಮಳೆಗಾಲ ಅನ್ನುವುದರಲ್ಲಿ ಕಾಲ ಸಿಗದೇ ಇರುವುದೂ ಹೀಗೆಯೇ. ಇನ್ನು ಇಂಗ್ಲಿಷ್‌ನ ಅಭ್ಯಾಸದಲ್ಲಿ ಏಜೆಂಟ್ "ಪೂರ್ತಿ ಪದ ಮಾತ್ರ" ಅನ್ನುವ ಆಯ್ಕೆಯನ್ನೂ ಹಾಕುತ್ತಿತ್ತು. ಆಗ ಕೆರೆ ಸಿಗುತ್ತದೆ. ಕೆರೆಯ, ಕೆರೆಗೆ, ಕೆರೆಯಲ್ಲಿ ಒಂದೂ ಸಿಗುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಂಡೇ ಬರುತ್ತದಲ್ಲ.

ಇದಕ್ಕಿಂತ ಆಳದಲ್ಲಿ ಅಕ್ಷರಗಳದ್ದೇ ಸಮಸ್ಯೆ ಇತ್ತು. ಪರದೆಯ ಮೇಲೆ "ಕೋ" ಒಂದೇ ಥರ ಕಾಣುತ್ತದೆ, ಆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದರ ಓಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ಬಿಡಿ ತುಂಡುಗಳಾಗಿಯೂ ಇಡಬಹುದು. ಎರಡೂ ಒಂದೇ ಅಂತ ಯೂನಿಕೋಡ್ ಹೇಳುತ್ತದೆ, ಆದರೆ ರಿಪ್‌ಗ್ರೆಪ್ ಇರುವ ಸಂಕೇತಗಳನ್ನು ಹಾಗೇ ಹೋಲಿಸುತ್ತದೆ. "ಅಕ್ಟೋಬರ್‌ನಲ್ಲಿ" ಅಂತ ಬರೆಯುವಾಗ ರಕಾರಕ್ಕೆ ನಕಾರ ಒತ್ತಾಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿರುತ್ತೇವೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಆ ಗುರುತಿಲ್ಲದೆ ಹುಡುಕಿದರೆ ಅದು ಬೇರೆ ಪದ. ಇನ್ನು ಅತಿ ಹಳೆಯ ಟಿಪ್ಪಣಿಗಳು ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ನಲ್ಲಿದ್ದವು. ಅಲ್ಲಿ ಕನ್ನಡ ಕಾಣುವುದು ಫಾಂಟ್‌ನಿಂದ ಮಾತ್ರ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನನ್ನ ಎಸ್ಸೆಸ್ಸೆಲ್ಸಿ ವರ್ಷದ ಮಳೆ ಅಲ್ಲಿ ಕೂತಿತ್ತು.

ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಿದೆವು, ಅಕ್ಷರಗಳನ್ನೆಲ್ಲ ಒಂದೇ ರೂಪಕ್ಕೆ ತಂದೆವು. ಉಳಿದದ್ದನ್ನು ವಿವರಣೆಯಲ್ಲಿ ಬರೆದೆ: "ಪೂರ್ತಿ ಪದ ಬೇಡ, ಬದಲಾಗದ ಭಾಗ ಮಾತ್ರ ಹುಡುಕು. ತಿಂಗಳ ಹೆಸರಿಗೆ ವಿಭಕ್ತಿ ಸೇರಿಸಬೇಡ. ಕ, ತ, ಪ ದಿಂದ ಶುರುವಾಗುವ ಪದವಾದರೆ ಗ, ದ, ಬ ಇಟ್ಟೂ ಹುಡುಕು, ಉದಾಹರಣೆಗೆ ಕೋಡಿ|ಗೋಡಿ."

ವಿವರಣೆಯನ್ನೇ ಕನ್ನಡದಲ್ಲಿ ಬರೆದರೆ ಏಜೆಂಟ್‌ಗೆ ಅರ್ಥವಾಗುತ್ತಾ ಅಂತ ಒಬ್ಬರು ಕೇಳಿದರು. ಆಗುತ್ತದೆ. ಅದೇ ಮಾತಿಗೆ ಇಂಗ್ಲಿಷ್‌ಗಿಂತ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಂಡು) ಜಾಸ್ತಿ ಖರ್ಚಾಗುತ್ತದೆ, ಅದು ನಿಜ. ನಾನು ಮೊದಲು ಇಂಗ್ಲಿಷ್‌ನಲ್ಲೇ ಬರೆದಿದ್ದೆ. ಮಾವ "ಏನು ಬರೆದಿದ್ದೀಯ, ಓದು" ಅಂದಾಗ ಕನ್ನಡಕ್ಕೆ ತಂದೆ, ಆಮೇಲೆ ಅದನ್ನೇ ಉಳಿಸಿಕೊಂಡೆ. ಯಾಕೆಂದರೆ ಓದಿದ ತಕ್ಷಣ ಅವರು ಎರಡು ಸಾಲು ಸೇರಿಸಿದರು. ಒಂದು, "ತೂಬು ಎತ್ತಿದರು ಅಂದರೆ ಗದ್ದೆಗೆ ನೀರು ಬಿಟ್ಟರು ಅಂತ, ಕೋಡಿ ಅಲ್ಲ." ಏಜೆಂಟ್ ಅದನ್ನು ಒಂದು ಕಡೆ ಕೋಡಿ ಅಂತ ಲೆಕ್ಕ ಹಾಕಿತ್ತು, ನಾನು ಗಮನಿಸಿರಲಿಲ್ಲ. ಇನ್ನೊಂದು, "ನಡುವೆ ಎರಡು ವರ್ಷ ನಾನು ಊರಲ್ಲಿರಲಿಲ್ಲ, ಮಗಳ ಮನೆಯಲ್ಲಿದ್ದೆ. ಆಗಿನ ಟಿಪ್ಪಣಿ ಇಲ್ಲ. ಮಳೆ ಬರಲಿಲ್ಲ ಅಂತ ತಿಳಿಯಬೇಡ."

ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆವು. ಈ ಸಲ ಒಂಬತ್ತು ವರ್ಷ ಹೇಳಿತು, ಎಸ್ಸೆಸ್ಸೆಲ್ಸಿ ವರ್ಷವೂ ಸೇರಿ. ಕೊನೆಗೆ, ಆ ಎರಡು ವರ್ಷದ ಬರಹ ಇಲ್ಲದ್ದರಿಂದ ಏನೂ ಹೇಳಲಾಗದು, ಆಗ ಊರಲ್ಲಿದ್ದವರನ್ನು ಕೇಳಬೇಕು ಅಂತ ಬರೆದಿತ್ತು. ಮಾವ ಕನ್ನಡಕ ತೆಗೆದು, "ನೀರುಗಂಟಿ ಮಗ ಇದ್ದಾನಲ್ಲ, ಅವನಿಗೆ ಗೊತ್ತಿರುತ್ತೆ" ಅಂತ ಫೋನ್ ಹುಡುಕತೊಡಗಿದರು.